ಕಪ್ಪು ಬಿಳುಪಿನಲ್ಲಿ ಕಂಡ ಕೈಗಳು

ಜನವರಿ 19, 2014, ಭಾನುವಾರ
ಅನಂತಪುರ, ಹಾಸ್ಟೆಲ್

ಯಕ್. ಬೇರೆ ಪದ ಸಿಗುತ್ತಿಲ್ಲ.

ಇವತ್ತು ಟಿವಿ ರೂಮಿನಲ್ಲಿ ಹಾಸ್ಟೆಲಿನ ಅರ್ಧ ಜನರ ಮಧ್ಯೆ ಕೂತು ಮಮ್ಮಿ ಅಳುವುದನ್ನು ನೋಡಿದೆ. ಹೈದರಾಬಾದಿನ ಒಂದು ಚಾನೆಲ್ಲಿನ ‘ಉನ್ನದಿ ಉನ್ನಟ್ಟು’ ಕಾರ್ಯಕ್ರಮ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತೇವೆ ಎಂದು ಹೆಸರಿನಲ್ಲೇ ಹೇಳಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ರಾಯದುರ್ಗಕ್ಕೆ ಬಂದು ಜೀನ್ಸ್ ಹೊಲಿಯುವವರನ್ನು ಶೂಟ್ ಮಾಡಿಕೊಂಡು ಹೋಗಿದ್ದರು. ಮಮ್ಮಿ ಹಿಂದೆಲ್ಲೋ ಒಂದು ಮೂಲೆಯಲ್ಲಿ ಕಾಣಿಸಿಯಾಳು ಅಂದುಕೊಂಡು ನಾನೇ ರೂಮ್‌ಮೇಟ್‌ಗಳನ್ನು ಕರೆದಿದ್ದೆ. ಸ್ಟುಪಿಡ್.

ಮೂಲೆಯಲ್ಲಲ್ಲ, ಅರ್ಧ ಗಂಟೆ ಪೂರ್ತಿ ಮಮ್ಮಿಯೇ. ಮೊದಲು ಊರು, ಕೋಟೆ, ಹೊಲಿಗೆ ಮಿಷನ್ನು ಎಲ್ಲವನ್ನೂ ಬಣ್ಣದಲ್ಲಿ ತೋರಿಸಿದರು. ಮಮ್ಮಿ ಬಾಯಿ ತೆರೆದ ಕೂಡಲೇ ಪರದೆ ಕಪ್ಪು ಬಿಳುಪಾಯಿತು, ಪಿಟೀಲು ಶುರುವಾಯಿತು. ಅವಳ ಮೂಗು ಸೋರುತ್ತಿತ್ತು. ಸೆರಗಿನಿಂದಲೇ ಒರೆಸಿಕೊಂಡಳು. ಕ್ಯಾಮೆರಾ ಕೈಗಳ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟಿತು. ಉಗುರುಗಳ ಸಂದಿಯಲ್ಲಿ ಕೂತ ಜೀನ್ಸ್ ಬಣ್ಣ ಮಣ್ಣಿನ ಹಾಗೆ ಕಾಣುತ್ತಿತ್ತು. ಮೇಲೆ ಬೋಳು ಮಣಿಕಟ್ಟು. ಒಂದು ಬಳೆಯೂ ಇಲ್ಲ. ಆಗ ಆ್ಯಂಕರ್‌ನ ದನಿ ತೆಲುಗಿನಲ್ಲಿ ಹೇಳಿತು: ಜೊತೆಗಾರನಿಲ್ಲದ ಬಾಳು ಇದು, ಒಂಟಿ ಹೆಣ್ಣಿನ ಹೋರಾಟ ಇದು.

ಡ್ಯಾಡಿ ಮುಂಬೈ ಹತ್ತಿರದ ಉಲ್ಲಾಸನಗರದಲ್ಲಿ, ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದಾರೆ. ಮೊನ್ನೆ ತಾನೇ ನನ್ನ ಫೋನಿಗೆ ರೀಚಾರ್ಜ್ ಹಾಕಿಸಿದ್ದಾರೆ.

ಪಕ್ಕದ ರೂಮಿನವಳು ನನ್ನ ಹೆಗಲ ಮೇಲೆ ಕೈಯಿಟ್ಟು, ‘ನಿಮ್ಮ ಡ್ಯಾಡಿ ಇಲ್ಲ ಅಂತ ಯಾಕೆ ಒಂದು ದಿನವೂ ಹೇಳಲಿಲ್ಲ ಗಂಗೋತ್ರಿ?’ ಎಂದಳು. ಅವಳ ಕಣ್ಣಲ್ಲಿ ನೀರು. ಇದ್ದಾರೆ ಎಂದು ಹೇಳಿದರೆ ಯಾರೂ ನಂಬುವ ಮುಖ ಮಾಡಲಿಲ್ಲ. ಅಳಬೇಡ ಅಂದರು.

ಮೆಟ್ಟಿಲ ಮೇಲೆ ಕೂತು ಮಮ್ಮಿಗೆ ಫೋನ್ ಮಾಡಿದೆ.

‘ಬಳೆ ಯಾಕೆ ತೆಗೆದೆ ನೀನು?’

‘ಮೈಕಿನಾಗ ಗಲಗಲ ಅಂತ ಸದ್ದು ಬರ್ತೈತಿ ಅಂದ್ರವ್ವ. ಸೋಪು ಹಚ್ಚಿ ತಗದೆ. ಬರಿಗೈ ಆಗಬಾರದಂತ ಜೀನ್ಸಿನ ಹಳದಿ ದಾರ ಎರಡೂ ಕೈಗೆ ಸುತಗೊಂಡಿದ್ದೆ. ಕಾಣಲಿಲ್ಲೇನು?’

‘ಕಪ್ಪು ಬಿಳುಪಿನಲ್ಲಿ ಹಳದಿ ಹೇಗೆ ಕಾಣುತ್ತೆ ಮಮ್ಮಿ!’

‘ಯಾಕ, ನಿಮ್ಮ ಹಾಸ್ಟೆಲ್‌ನಾಗ ಕಲರ್ ಟಿವಿ ಇಲ್ಲೇನು?’

ಅತ್ತಿದ್ದು ಯಾಕೆ ಎಂದು ಕೇಳಿದೆ. ಮಕ್ಕಳೆಲ್ಲಿ ಎಂದು ಕೇಳಿದರಂತೆ. ಒಬ್ಬಳೇ ಮಗಳು, ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿದ್ದಾಳೆ ಅಂದಳಂತೆ, ಅಷ್ಟಕ್ಕೇ ಅಳು ಬಂತಂತೆ. ಆ ಮಾತನ್ನು ಕತ್ತರಿಸಿ ಅಳುವನ್ನು ಮಾತ್ರ ಇಟ್ಟುಕೊಂಡಿದ್ದಾರೆ. ನನ್ನ ಹೆಸರು ಎಲ್ಲೂ ಬರಲಿಲ್ಲ. ಥ್ಯಾಂಕ್ ಗಾಡ್.

ಜನವರಿ 21

ಮೆಸ್ಸಿನ ಆಂಟಿ ನನಗೆ ಮಾತ್ರ ಎರಡು ಮೊಟ್ಟೆ ಹಾಕಿದರು. ತಂದೆಯಿಲ್ಲದವಳ ಮೊಟ್ಟೆ. ಎರಡನ್ನೂ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಸಂಜೆ ಡ್ಯಾಡಿ ಫೋನ್ ಮಾಡಿದರು. ‘ಏನಮ್ಮಿ, ನಾನು ಸತ್ತೋಗಿದೀನಂತೆ? ಊರಿಂದ ಮೂರು ಜನ ಫೋನ್ ಮಾಡಿ ಕೇಳವ್ರೆ. ಯಾವಾಗ ಸತ್ತೆ ಅಂತ ನಂಗೂ ಒಸಿ ಹೇಳು, ರಜೆನಾದ್ರೂ ಕೇಳಾನ.’

‘ನಗಬೇಡಿ ಡ್ಯಾಡಿ.’

‘ಅತ್ರೆ ಬದುಕ್ತೀನಾ?’

ಈ ಮನೆಯವರಿಗೆ ಯಾವುದೂ ಸೀರಿಯಸ್ ಅಲ್ಲ.

ಫೆಬ್ರವರಿ 8, ಶನಿವಾರ
ರಾಯದುರ್ಗ

ಪರೀಕ್ಷೆಗೆ ಓದುವ ರಜೆ ಕೊಟ್ಟಿದ್ದಾರೆ. ಇಲ್ಲಿ ಓದುವುದೆಲ್ಲಿ? ಮನೆಯೆಲ್ಲ ಜೀನ್ಸಿನ ನೂಲಿನ ಧೂಳು. ಹಾಸಿಗೆಯಲ್ಲಿ, ಬಾಚಣಿಗೆಯಲ್ಲಿ, ಮೊಸರಿನ ಮೇಲೆ ಕೂಡ ನೀಲಿ ಎಳೆ. ಮಮ್ಮಿ ಅದನ್ನು ಬೆರಳಿನಿಂದ ತೆಗೆದು ಸೀರೆಗೆ ಒರೆಸಿ ‘ತಿನ್ನು’ ಅಂತಾಳೆ.

ಮಮ್ಮಿ ಹೊಲಿಯುವ ಯೂನಿಟ್ಟಿನ ಮುಂದೆ ಫ್ಲೆಕ್ಸ್ ಕಟ್ಟಿದ್ದಾರೆ. ಮೇಲೆ ಓನರ್ ರೇಣುಕಾಪ್ರಸಾದ್ ಕೈಮುಗಿದು ನಗುತ್ತಿದ್ದಾರೆ, ಕೆಳಗೆ ಮಮ್ಮಿಯ ಕೈಗಳು ಮಾತ್ರ. ಮುಖ ಇಲ್ಲ. ಮಾಂಸದಂಗಡಿಯ ಬೋರ್ಡಿನ ಹಾಗಿದೆ.

ವಿಷಯ ಏನೆಂದರೆ, ‘ಪ್ರೇಕ್ಷಕ ಪಟ್ಟಾಭಿಷೇಕ’ ಅಂತ ಒಂದು ಅವಾರ್ಡು. ನೋಡುವವರೇ ಮಿಸ್ಡ್ ಕಾಲ್ ಕೊಟ್ಟು ಆರಿಸಬೇಕು. ಅದರಲ್ಲಿ ಜನಮೆಚ್ಚಿದ ವಾಸ್ತವ ಕಾರ್ಯಕ್ರಮ ಎಂಬ ವಿಭಾಗಕ್ಕೆ ಮಮ್ಮಿಯ ಕಂತು ಹೋಗಿದೆ. ಎದುರಿಗೆ ಹಾವು ಹಿಡಿಯುವವನ ಕಾರ್ಯಕ್ರಮ, ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಕಾರ್ಯಕ್ರಮ, ಮತ್ತೆ ಪಾಳುಬಂಗಲೆಗಳಲ್ಲಿ ದೆವ್ವ ಹುಡುಕುವ ಕಾರ್ಯಕ್ರಮ. ದೆವ್ವವೂ ವಾಸ್ತವ!

‘ನಮ್ಮೂರಿನ ಮರ್ಯಾದಿ ಪ್ರಶ್ನೆ ಐತ್ರಿ,’ ಅಂದರು ರೇಣುಕಾಪ್ರಸಾದ್. ‘ಒಬ್ಬ ಹಾವಾಡಿಗನ ಮುಂದ ಸೋಲಬೇಕೇನ್ರಿ ನಾವು? ನೀವು ಓದಿದೋರು, ಕಾಲೇಜಿನಾಗ ಎಲ್ರಿಗೂ ಹೇಳ್ರಿ ಗಂಗೋತ್ರಿ.’

ಹೇಳಿದೆ ಎಂದೆ. ಹೇಳಿಲ್ಲ.

ಮಧ್ಯಾಹ್ನ ಚಾನೆಲ್ಲಿನ ಸ್ವಪ್ನಾ ಎಂಬಾಕೆ ಫೋನ್ ಮಾಡಿದಳು. ಕಾರ್ಯಕ್ರಮಕ್ಕೆ ಜನರನ್ನು ಹೊಂದಿಸುವ ಕೆಲಸ ಅವಳದು. ಮಮ್ಮಿಗೆ ತೆಲುಗು ಚೆನ್ನಾಗಿ ಬರುತ್ತದೆ, ಆದರೂ ನನಗೆ ಇಂಗ್ಲಿಷ್ ಬರುತ್ತದೆಂದು ನನ್ನೊಡನೆಯೇ ಮಾತು. ನನ್ನನ್ನು ಡಿಯರ್ ಅನ್ನುತ್ತಾಳೆ. ಗೆದ್ದರೆ ಮಮ್ಮಿಯನ್ನು ಹೈದರಾಬಾದಿಗೆ ಕರೆಸಿ ವೇದಿಕೆಗೆ ಹತ್ತಿಸುತ್ತಾರಂತೆ. ಜೊತೆಗೆ ನಾನೂ. ಎಸಿ ಬಸ್ಸು, ಹೋಟೆಲು.

ಹಾಸ್ಟೆಲಿನವರೆಲ್ಲ ನೋಡುತ್ತಾರೆ. ನನ್ನ ಹತ್ತಿರ ಇರುವ ಒಂದೇ ಒಳ್ಳೆಯ ಚೂಡಿದಾರ್‌ಗೆ ತೋಳಿನ ಹತ್ತಿರ ಕಲೆಯಾಗಿದೆ. ಹೋಗುತ್ತೋ ನೋಡಬೇಕು.

ಫೆಬ್ರವರಿ 9, ಭಾನುವಾರ

ಮಡಕಶಿರಾದಿಂದ ಕೆಂಪತ್ತೆ ಬಂದಿದ್ದರು. ಡ್ಯಾಡಿಯ ಅಕ್ಕ. ಅವರ ಮಗಳು ವನಿತಾಳ ಮದುವೆ ಮಾರ್ಚ್ 14ಕ್ಕೆ. ಮಜ್ಜಿಗೆ ಕುಡಿದು, ನನ್ನ ಕೂದಲು ಇಲಿಬಾಲ ಆಗಿದೆ ಎಂದು ಹೇಳಿ, ಲಗ್ನಪತ್ರಿಕೆ ಕೊಟ್ಟರು. ಆಮೇಲೆ ಮಮ್ಮಿಯ ಮುಖ ನೋಡದೆ ಹೇಳಿದರು:

‘ಹಿಂದಿನ ಭಾನುವಾರ ಅರಿಶಿನ ಕುಟ್ಟದು. ಬಾ ಹುಲಿಗಿ, ಉಣ್ಣು, ಇರು. ಒನಕೆ ಮಾತ್ರ ಬ್ಯಾರೇರ ಕೈಲಿ ಹಾಕ್ಸನ ಅಂದವ್ರೆ.’

ಆ ಕಡೆಯ ಮದುವೆಗಳಲ್ಲಿ ಐದು ಜನ ಮುತ್ತೈದೆಯರು ಒರಳಿನಲ್ಲಿ ಅರಿಶಿನ ಕುಟ್ಟಿಯೇ ಮದುವೆ ಕೆಲಸ ಶುರು. ಹುಡುಗಿಯ ಸೋದರಮಾವನ ಹೆಂಡತಿಯದು ಮೊದಲ ಒನಕೆ. ವನಿತಾಳಿಗೆ ಇರುವ ಒಬ್ಬನೇ ಸೋದರಮಾವ ನಮ್ಮ ಡ್ಯಾಡಿ.

‘ಯಾರು ಅಂದಾರ?’ ಮಮ್ಮಿ ಕೇಳಿದಳು.

‘ಎಲ್ರೂವೆ.’

‘ನಮ್ಮ ಯಜಮಾನ್ರು ಗುಂಡುಕಲ್ಲಿನಂಗ ಅದಾರ ಕೆಂಪಕ್ಕಾ. ನಿನ್ನ ತಮ್ಮ ಅಲ್ಲೇನು ಆತ?’

‘ಜುಂಜಣ್ಣ ಬದುಕವ್ನೆ ಅಂತ ನಂಗೊತ್ತಿಲ್ವೇನೆ? ಅವನು ಬದುಕಿರೋವಾಗ್ಲೇ ಬೋಳುಗೈ ಮಾಡ್ಕಂಡು ನಾಡಿಗೆಲ್ಲ ತೋರ್ಸಿದ್ಯಲ್ಲ, ಅದಕ್ಕೇ. ನನ್ನ ಮಗಳು ಹೊಸ್ದಾಗಿ ಬಾಳಕ್ಕೆ ಹೋಗೋಳು ಕಣೆ.’

‘ದಾರ ಸುತಗೊಂಡಿದ್ದೆ. ಹಳದಿ ದಾರ.’

‘ಟಿವಿನಾಗೆ ಕಾಣ್ಲಿಲ್ವಲ್ಲ.’

ನನಗೆ ಮೈ ಉರಿಯಿತು. ಇದು ಯಾವ ಶತಮಾನ ಅತ್ತೆ, ನಾಲ್ಕು ಗಾಜಿನ ಬಳೆಗೆ ಮದುವೆ ಮುರಿಯುತ್ತದಾ ಎಂದೆ. ‘ಇಂಗ್ಲಿಷ್ ಕಲ್ತಿರೋಳು ನೀನು ಸುಮ್ಕಿರು, ದೊಡ್ಡೋರು ಮಾತಾಡ್ತಾವ್ರೆ’ ಅಂದರು. ಕುಂಕುಮದ ಭರಣಿಯನ್ನು ಮಮ್ಮಿಯ ಮುಂದೆ ಹಿಡಿಯಲಿಲ್ಲ, ಚಾಪೆಯ ಮೇಲಿಟ್ಟರು. ಬೇಕಾದರೆ ನೀನೇ ಇಟ್ಟುಕೋ ಎಂಬಂತೆ.

ಅವರು ಹೋದ ಮೇಲೆ ಮಮ್ಮಿ ಮಿಷನ್ನಿನ ಮುಂದೆ ಕೂತಳು. ಸೂಜಿ ಮುರಿಯಿತು. ಇನ್ನೊಂದು ಹಾಕಿದಳು, ಅದೂ ಮುರಿಯಿತು. ಹೋಗಲಿ ಬಿಡು, ಕುಟ್ಟದಿದ್ದರೆ ತೋಳು ನೋವು ಉಳಿಯಿತು ಎಂದೆ ನಾನು, ಸಮಾಧಾನಕ್ಕೆ.

‘ಮದುವಿ ಆಗಿ ಇಪ್ಪತ್ತು ವರ್ಷ ಆತು,’ ಅಂದಳು. ‘ಆ ಮನ್ಯಾಗ ಇವತ್ತಿಗೂ ನಾನು ಹಿರೇಹಾಳದಿಂದ ಬಂದಾಕಿ. ನನ್ನ ಸಾರು ಬ್ಯಾರೆ, ನನ್ನ ಮಾತು ಬ್ಯಾರೆ ಅಂತಾರ. ಇದೊಂದು ನಂದಿತ್ತು. ಇದಕ್ಕ ಯಾರನ್ನೂ ಕೇಳಬೇಕಾಗಿದ್ದಿಲ್ಲ.’

ಮೂಗು ಒರೆಸಿಕೊಂಡಳು. ಸೆರಗಿನಿಂದಲೇ. ಅವ್ವ ಯಾವಾಗಲೂ ಹಾಗೇ.

ಫೆಬ್ರವರಿ 12

ಸ್ವಪ್ನಾಗೆ ಫೋನ್ ಮಾಡಿದೆ. ಮಾತಾಡಬೇಕಾದ್ದನ್ನು ಮೊದಲು ಕಾಗದದಲ್ಲಿ ಬರೆದುಕೊಂಡು, ನಾಲ್ಕು ಸಲ ಓದಿಕೊಂಡೆ. ಆ ದೃಶ್ಯವನ್ನು ಬಣ್ಣದಲ್ಲಿ ಕಳಿಸಿಕೊಡಿ, ಒಂದೇ ನಿಮಿಷದ್ದು ಸಾಕು, ಅವ್ವನ ಮಣಿಕಟ್ಟಿನ ದಾರ ಕಾಣಬೇಕು ಎಂದೆ. ಯಾಕೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ.

ಬಣ್ಣದಲ್ಲಿ ಫೀಲ್ ಬರುವುದಿಲ್ಲ ಡಿಯರ್ ಎಂದಳು. ಎಡಿಟ್ ಆಗದ್ದನ್ನು ಹೊರಗೆ ಕೊಡುವ ಹಾಗಿಲ್ಲ ಎಂದಳು. ಆಮೇಲೆ, ‘ಬಳೆ ಬದಲು ದಾರಾನಾ? ಅಯ್ಯೋ ಎಷ್ಟು ಕ್ಯೂಟ್! ಆವತ್ತೇ ಹೇಳಿದ್ದರೆ ಅದನ್ನೇ ಪ್ರೋಮೋಗೆ ಹಾಕುತ್ತಿದ್ದೆವು’ ಎಂದಳು.

ಕ್ಯೂಟ್.

ಫೋನಿಟ್ಟು ಕೈ ತೊಳೆದೆ. ಯಾಕೆ ತೊಳೆದೆನೋ ಗೊತ್ತಿಲ್ಲ.

ಫೆಬ್ರವರಿ 17

ಸ್ವಪ್ನಾ ತಾನೇ ಫೋನ್ ಮಾಡಿದಳು. ಎಲ್ಲ ಕಡೆಯಿಂದ ವೋಟು ಬರುತ್ತಿದೆ, ನಿಮ್ಮ ಊರಿನಿಂದಲೇ ಇಲ್ಲ, ನಿಮ್ಮವರಿಗೆ ಅಭಿಮಾನ ಇಲ್ಲವಾ ಎಂದು ದೂರಿದಳು.

ಅಭಿಮಾನಕ್ಕೇನೂ ಕಡಿಮೆಯಿಲ್ಲ. ಊಟದ ಹೊತ್ತಿಗೆ ಯೂನಿಟ್ಟಿನ ಹೆಂಗಸರೆಲ್ಲ ಸಾಲಾಗಿ ಕೂತು ಫೋನ್ ಒತ್ತುವುದೇ ಕೆಲಸವಾಗಿದೆ. ನಾನು ಹೋಗಿ ನೋಡಿದೆ. ಒಂದು ರಿಂಗ್ ಆಗುತ್ತಲೇ ಕಟ್ ಮಾಡುತ್ತಾರೆ. ಇಲ್ಲಿ ಮಿಸ್ಡ್ ಕಾಲ್ ಎಂದರೆ ಅದೇ. ಬಟ್ಟೆ ಬಂತು ಬಾ ಎನ್ನುವುದಕ್ಕೂ, ಹೊಲಿದಾಯಿತು ತೆಗೆದುಕೊಂಡು ಹೋಗಿ ಎನ್ನುವುದಕ್ಕೂ ಒಂದು ರಿಂಗು. ಎರಡನೆಯದಕ್ಕೆ ಬಿಟ್ಟರೆ ಎತ್ತಿಬಿಟ್ಟಾರು, ದುಡ್ಡು ಹೋದೀತು ಎಂದು ಬೆರಳು ತಾನಾಗಿ ಹಾರುತ್ತದೆ. ವೋಟಿನ ನಂಬರು ಹಾಗಲ್ಲ. ಅದು ಪೂರ್ತಿ ರಿಂಗಾಗಿ ಆ ಕಡೆಯ ಮಿಷನ್ನೇ ಕಟ್ ಮಾಡಬೇಕು, ಆಗಲೇ ಲೆಕ್ಕ. ಟಿವಿಯಲ್ಲಿ ಇಂಗ್ಲಿಷಿನಲ್ಲಿ ಸಣ್ಣದಾಗಿ ಬರೆದಿರುತ್ತಾರೆ.

‘ನಂದು ಇವತ್ತಿಗೆ ಐವತ್ತಾತು ನೋಡ್ರಿ!’ ಒಬ್ಬಾಕೆ ಫೋನೆತ್ತಿ ತೋರಿಸಿದಳು. ‘ನಮ್ಮ ಹುಲಿಗೆಮ್ಮ ಗೆದ್ದೇ ಗೆಲ್ತಾಳ.’

ಹೇಳಬೇಕೆಂದು ಬಾಯಿ ತೆರೆದೆ. ಸೋತರೆ ವೇದಿಕೆಯಿಲ್ಲ. ಆ ಬೋಳು ಕೈಗಳನ್ನು ಇನ್ನೊಂದು ಸಲ ನಾಡಿಗೆಲ್ಲ ತೋರಿಸುವುದೂ ಇಲ್ಲ.

‘ಹಂಗೇ ಮಾಡ್ರಿ, ಬಿಡಬ್ಯಾಡ್ರಿ’ ಎಂದು ಹೇಳಿ ಬಂದೆ.

ಫೆಬ್ರವರಿ 20

ಅಪ್ಪ ಕೆಂಪತ್ತೆಗೆ ಫೋನ್ ಮಾಡಿ ಜಗಳವಾಡಿದರಂತೆ. ‘ನೀನು ಅಲ್ಲಿದ್ಕಂಡು ಬಾಯ್ಮಾಡಬೇಡ, ಇಲ್ಲಿ ಮಾತು ಕೇಳೋಳು ನಾನು’ ಎಂದು ಅವರು ಫೋನಿಟ್ಟರಂತೆ. ಅಪ್ಪನಿಗೆ ರಜೆ ಸಿಗುವುದು ಮದುವೆಯ ಹಿಂದಿನ ದಿನಕ್ಕೆ. ಅಷ್ಟು ಹೊತ್ತಿಗೆ ಅರಿಶಿನ ಕುಟ್ಟಿ ಆಗಿರುತ್ತದೆ.

ಓದಿದ್ದು ತಲೆಗೆ ಹತ್ತುತ್ತಿಲ್ಲ. ಎರಡು ಪೇಪರಿಗೆ ಫೇಲಾಗುತ್ತೇನೆ ಅನಿಸುತ್ತದೆ. ಮೂರಿಗೆ ಇರಬಹುದು.

ಫೆಬ್ರವರಿ 26

ಕೊನೆಯ ಸುತ್ತಿನಲ್ಲಿ ಮುಂದಿದ್ದೀರಿ, ಹೊರಡಲು ರೆಡಿಯಾಗಿ ಎಂದು ಸ್ವಪ್ನಾಳ ಫೋನು. ಮುಂದಿರುವುದು ಹೇಗೆ? ನಮ್ಮ ಬೀದಿಯಿಂದ ಒಂದು ವೋಟೂ ಹೋಗಿಲ್ಲ. ಯಾರು ಈ ಜನ, ಅವ್ವ ಅತ್ತಿದ್ದನ್ನು ಇಷ್ಟೊಂದು ಇಷ್ಟಪಟ್ಟವರು?

ಆಮೇಲೆ ಬಂತು ವಿಷಯ. ಬಿಳಿ ಸೀರೆ ಅವರೇ ಕೊಡುತ್ತಾರಂತೆ. ಬಳೆ ಬೇಡ, ಬೊಟ್ಟು ಬೇಡ, ಎಪಿಸೋಡಿನಲ್ಲಿ ಕಂಡ ಹಾಗೇ ಕಾಣಬೇಕು, ಇಲ್ಲದಿದ್ದರೆ ಜನಕ್ಕೆ ಕನೆಕ್ಟ್ ಆಗುವುದಿಲ್ಲವಂತೆ. ಎಪಿಸೋಡಿನಲ್ಲಿ ಅವ್ವ ಉಟ್ಟಿದ್ದು ಗಿಳಿಹಸಿರು ಸೀರೆ.

ಅವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. ತೆಲುಗಿನಲ್ಲಿ ನಿಧಾನವಾಗಿ, ಒಂದೊಂದೇ ಮಾತು ಎಣಿಸಿಕೊಟ್ಟ ಹಾಗೆ ಹೇಳಿದಳು: ನನ್ನ ಗಂಡ ಇದ್ದಾನೆ, ಬಳೆ ಹಾಕಿಕೊಂಡು ಬರುತ್ತೇನೆ, ಬೇಡವಾದರೆ ಬರುವುದಿಲ್ಲ. ಆ ಕಡೆಯಿಂದ ಸ್ವಪ್ನಾ ಏನೇನೋ ಹೇಳುತ್ತಲೇ ಇದ್ದಳು. ಅವ್ವ ಫೋನನ್ನು ನನಗೆ ಕೊಟ್ಟಳು.

‘ನೀ ಇಂಗ್ಲೀಷಿನಾಗ ಹೇಳವ್ವ. ಆಕಿಗೆ ತೆಲುಗು ತಿಳಿಯವಲ್ದು.’

ನಾನು ನೋ ಎಂದೆ. ಸಾರಿ, ಪ್ಲೀಸ್, ಯಾವುದನ್ನೂ ಸೇರಿಸಲಿಲ್ಲ.

‘ಓಕೆ ಡಿಯರ್, ನಾವು ಅಡ್ಜಸ್ಟ್ ಮಾಡಿಕೊಳ್ತೇವೆ’ ಎಂದಳು ಸ್ವಪ್ನಾ. ಅವಳಿಗೆ ಒಂಚೂರು ಬೇಸರವೂ ಆದಂತಿರಲಿಲ್ಲ.

ಸುದ್ದಿ ಕೇಳಿ ರೇಣುಕಾಪ್ರಸಾದ್ ಓಡಿಬಂದರು. ‘ಬಳಿ ಏನ್ ದೊಡ್ಡ ವಿಷಯ ಐತ್ರಿ ಹುಲಿಗೆಮ್ಮಾ? ತಗದು ಬ್ಯಾಗಿನಾಗ ಇಟ್ಕೊಳ್ರಿ, ಇಳಿದ ಮ್ಯಾಲ ಹಾಕ್ಕೊಳ್ರಿ.’

‘ಮೊದಲು ನಿಮ್ಮ ಮನ್ಯಾಗ ಅಕ್ಕಾರಿಗೆ ಹೇಳಿ ತಗಿಸ್ರಿ, ಆಮ್ಯಾಲ ನಾ ತಗೀತೀನಿ,’ ಅಂದಳು ಅವ್ವ.

ಅವರು ಫ್ಲೆಕ್ಸ್ ಬಿಚ್ಚಿಸಲಿಲ್ಲ. ಅವ್ವನೊಂದಿಗೆ ಮಾತು ಬಿಟ್ಟಿದ್ದಾರೆ ಅಷ್ಟೆ.

ಮಾರ್ಚ್ 9, ಭಾನುವಾರ
ಮಡಕಶಿರಾ ಹತ್ತಿರ, ಕೆಂಪತ್ತೆಯ ಮನೆ

ಸಂಜೆಯಾಗಿದೆ. ಅಟ್ಟದ ಕೆಳಗೆ ಶೇಂಗಾ ಚೀಲಗಳ ಮೇಲೆ ಕೂತು ಬರೆಯುತ್ತಿದ್ದೇನೆ.

ಒನಕೆ ಇಲ್ಲದ ಮೇಲೆ ಹೋಗುವುದೇ ಬೇಡ ಎಂದು ನಾನು ಬೆಳಿಗ್ಗೆವರೆಗೂ ಹೇಳಿದೆ. ‘ಕರದಾರ, ಹೋಗ್ತೀನಿ’ ಅಂದಳು ಅವ್ವ. ಎರಡೂ ಕೈಗೆ ಮೊಣಕೈ ಹತ್ತಿರದವರೆಗೆ ಹಸಿರು ಬಳೆ ಇಟ್ಟುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಂಡಕ್ಟರಿನಿಂದ ಹಿಡಿದು ಎಲ್ಲರೂ ನೋಡಿದರು. ನೋಡಲಿ ಅನಿಸಿತು.

ಅಂಗಳದಲ್ಲಿ ಒರಳಿಗೆ ಸುಣ್ಣ ಕೆಮ್ಮಣ್ಣು ಬಳಿದು, ಒನಕೆಗಳಿಗೆ ವೀಳ್ಯದೆಲೆ ಕಟ್ಟಿ ಇಟ್ಟಿದ್ದರು. ಮೂರು ಗಂಟೆಯ ಮೇಲೆ ಒಳ್ಳೆಯ ಹೊತ್ತು. ಅಲ್ಲಿಯವರೆಗೆ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ಅವ್ವ ಕಂಬಕ್ಕೆ ಒರಗಿ ಹೂ ಕಟ್ಟುತ್ತಿದ್ದಳು. ಕಾಫಿ ಕೊಟ್ಟರು, ಬಳೆಗಳನ್ನು ನೋಡಿದರು, ಮುಖ ತಿರುಗಿಸಿದರು.

ಟಿವಿ ಹಾಕಿದವಳು ಮದುಮಗಳು ವನಿತಾಳೇ. ಅವಾರ್ಡಿನ ಕಾರ್ಯಕ್ರಮ ಶುರುವಾಗಿತ್ತು. ಆಫ್ ಮಾಡು ಎಂದು ಸನ್ನೆ ಮಾಡಿದೆ, ಅವಳು ನೋಡಲಿಲ್ಲ. ಹಾವು, ಕಳ್ಳ, ದೆವ್ವ ಎಲ್ಲ ಬಂದು ಹೋದ ಮೇಲೆ ಪರದೆಯ ತುಂಬ ಅವ್ವನ ಬೋಳು ಕೈಗಳು. ಕಪ್ಪು ಬಿಳುಪು, ಪಿಟೀಲು. ಗೆದ್ದಿತ್ತು. ಲಕ್ಷಾಂತರ ಪ್ರೇಕ್ಷಕರ ಪ್ರೀತಿ ಎಂದು ಕಿರುಚಿದ ಆ್ಯಂಕರ್, ದನಿ ತಗ್ಗಿಸಿ, ಈಗ ನಿಮ್ಮ ಮುಂದೆ ರಾಯದುರ್ಗದ ಹುಲಿಗೆಮ್ಮ ಎಂದ.

ವೇದಿಕೆಯ ಮೇಲೆ ಒಬ್ಬಳು ನಡೆದುಬಂದಳು. ಬಿಳಿ ಸೀರೆ, ಬೋಳು ಹಣೆ, ಬೋಳು ಕೈ. ಮೂವತ್ತು ವರ್ಷ ಇರಬಹುದು, ಅವ್ವನಿಗಿಂತ ಬೆಳ್ಳಗೆ, ಅವ್ವನಿಗಿಂತ ಎತ್ತರ. ಮೈಕಿನ ಮುಂದೆ ನಿಂತು ಒಂದು ಮಾತೂ ಆಡದೆ ಅತ್ತಳು. ಮೂಗು ಸೋರಲಿಲ್ಲ. ಶಾಲು ಹೊದಿಸಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಡ್ಜಸ್ಟ್ ಮಾಡಿಕೊಂಡಿದ್ದರು.

ಮೊದಲು ನಕ್ಕವಳು ವನಿತಾ. ಕೈಯಲ್ಲಿದ್ದ ಲೋಟದ ಕಾಫಿ ಚೆಲ್ಲುವ ಹಾಗೆ ನಕ್ಕಳು. ಕೆಂಪತ್ತೆ ಎದ್ದು ಟಿವಿಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು.

‘ಯಾವಳೆ ಇವಳು?’

‘ಹುಲಿಗೆಮ್ಮ ಅಂತೆ ಕಣಮ್ಮ!’

‘ನಮ್ಮ ಹುಲಿಗಿ ಇಲ್ಲೇ ಕುಂತವ್ಳಲ್ಲ.’ ತಿರುಗಿ ಕಂಬದ ಕಡೆ ನೋಡಿದರು. ಮತ್ತೆ ಟಿವಿ. ಮತ್ತೆ ಕಂಬ. ‘ಹಂಗಾರೆ ಆವತ್ತು ತೋರ್ಸಿದ್ದೂ ಇವಳ ಕೈನೇ ಇರ್ಬೇಕು. ಮುಂಡೇವು, ಮುಖ, ಹೆಸರು ಮಾತ್ರ ನಮ್ಮೋಳ್ದು ಹಾಕ್ಯವ್ರೆ.’

‘ಊಂ ಮತ್ತೆ,’ ಅಂದಳು ಒಬ್ಬ ಮುದುಕಿ. ‘ನಾನು ಆವತ್ತೇ ಅಂದ್ಕಂಡೆ, ಹುಲಿಗಿ ಬೆರಳು ಅಷ್ಟುದ್ದ ಇಲ್ಲ ಅಂತ.’

‘ನಂಗೂ ಅನುಮಾನಿತ್ತು ಬಿಡು.’

ಒಬ್ಬರಾದ ಮೇಲೆ ಒಬ್ಬರಿಗೆ ಆವತ್ತೇ ಗೊತ್ತಿತ್ತು. ದಾರದ ಮಾತನ್ನು ನಂಬದವರು, ತಮ್ಮನ ಮಾತನ್ನು ಕೇಳದವರು, ಈಗ ಯಾರೋ ಬಾಡಿಗೆಯವಳ ಅಳುವನ್ನು ನಂಬಿ ಅವ್ವನನ್ನು ಶುದ್ಧ ಮಾಡುತ್ತಿದ್ದಾರೆ. ಆವತ್ತಿನ ಕೈ ಅವ್ವನದೇ, ಬಳೆ ತೆಗೆದದ್ದೂ ನಿಜ, ದಾರ ಸುತ್ತಿದ್ದೂ ನಿಜ, ತಪ್ಪೇ ಇರಲಿಲ್ಲ ಎಂದು ಕೂಗಿ ಹೇಳಬೇಕೆಂದು ಎದ್ದೆ.

‘ಅತ್ತೆ, ಆವತ್ತು...’

ಅವ್ವ ನನ್ನ ತೊಡೆ ಚಿವುಟಿದಳು. ಹೊಲಿಗೆಯವರ ಬೆರಳು, ಇನ್ನೂ ಉರಿಯುತ್ತಿದೆ.

‘ಆವತ್ತು ಏನಮ್ಮಿ?’ ಕೆಂಪತ್ತೆ ಕೇಳಿದರು.

‘ಏನಿಲ್ಲ’ ಎಂದೆ.

ಅವರು ಕುಂಕುಮದ ಭರಣಿ ತಂದು ಅವ್ವನ ಮುಂದೆ ಹಿಡಿದರು. ‘ಏಳೆ ಹುಲಿಗಿ. ಹೊತ್ತಾಗ್ತೈತೆ. ಮೊದಲ್ನೇ ಒನಕೆ ನಿಂದಲ್ವಾ, ಇನ್ಯಾರು ಹಾಕ್ತಾರೆ?’ ಎಂದರು, ಯಾವತ್ತೂ ಬೇರೆ ಮಾತೇ ಆಡದವರ ಹಾಗೆ.

ಅವ್ವ ಕುಂಕುಮ ಇಟ್ಟುಕೊಂಡಳು. ಟಿವಿಯಲ್ಲಿ ಆ ಹೆಂಗಸು ಇನ್ನೂ ಅಳುತ್ತಲೇ ಇದ್ದಳು. ಅವಳನ್ನು ಒಂದು ಗಳಿಗೆ ನಿಂತು ನೋಡಿ, ‘ಪಾಪ, ಆಕಿಗೂ ಯಾರರ ಇರ್ತಾರ ಮನ್ಯಾಗ’ ಅಂದಳು. ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಳು.

ಹಾಡು ಶುರುವಾಯಿತು. ಅವ್ವ ಮೊದಲ ಏಟು ಹಾಕಿದಳು. ಉಳಿದ ನಾಲ್ವರು ಸೇರಿಕೊಂಡರು. ಬಳೆಗಳೆಲ್ಲ ಗಲಗಲ ಎನ್ನುತ್ತಿದ್ದವು. ಅರಿಶಿನದ ಕೊಂಬು ಚೂರಾಯಿತು, ಚೂರು ಪುಡಿಯಾಯಿತು. ಹಾಡಿನ ಲಯ ಒಂದು, ಅವ್ವನ ಒನಕೆಯ ಲಯ ಇನ್ನೊಂದು. ಹಾಡುವವರು ಎರಡು ಸಲ ತಪ್ಪಿದರು. ಪುಡಿ ಹಾರಿ ಎಲ್ಲರ ಕಣ್ಣಿಗೆ ಬಿತ್ತು. ಒರಳಿನ ಬುಡದ ಕೆಮ್ಮಣ್ಣು ಉದುರತೊಡಗಿತು.

‘ಮೆತ್ತಗೆ ಕುಟ್ಟೆ ಹುಲಿಗಿ,’ ಕೆಂಪತ್ತೆ ಕೂಗಿದರು, ‘ಒರಳು ಒಡೆದೋದಾತು!’

ಅವ್ವ ಮೆತ್ತಗೆ ಕುಟ್ಟಲಿಲ್ಲ.